ರೇಡಿಯೇಟರಿಗೆ ಬಿದ್ದ ಹಾರ

ಹಳೆಯ ಸ್ಪೋರ್ಟ್ಸ್ ಕಾರೊಂದರ ಎಂಜಿನ್ ಏರುದಾರಿ ಕಂಡರೆ ಸಾಕು, ಕುದಿಯುತ್ತಿತ್ತು. ಅದನ್ನು ತಣ್ಣಗಿಡಲೆಂದು ಮಾಲೀಕ ಮೇದಪ್ಪ ದೊಡ್ಡದೊಂದು ಹೊಸ ರೇಡಿಯೇಟರ್ ಹಾಕಿಸಿದ; ಪೂಜೆ ಮಾಡಿಸಿ, ಕಾರಿನ ಮೂತಿಯೇ ಮುಚ್ಚುವಂತೆ ಚೆಂಡುಹೂವಿನ ಹಾರ ಕಟ್ಟಿದ. ಮೊದಲ ಏರಿನಲ್ಲೇ ಎಂಜಿನ್ನಿಗೆ ಉಸಿರು ಕಟ್ಟಿತು.

“ಗಾಳಿ ಎಲ್ಲಯ್ಯಾ?” ಎಂದು ಕೇಳಿತು.

“ಹಾರ ಅಡ್ಡ ಇದೆ,” ಎಂದಿತು ರೇಡಿಯೇಟರ್.

“ಕೊಡವಿ ಬೀಳಿಸು!”

“ಬಂದ ದಿನವೇ ಆದ ಸನ್ಮಾನ, ಬೀಳಿಸಲು ಮನಸ್ಸು ಬರುತ್ತದೆಯೇ? ತಾವು ಹಿರಿಯರು, ಸ್ವಲ್ಪ ತಾಳಿಕೊಳ್ಳಿ.”

“ನಿನ್ನನ್ನು ತಂದದ್ದು ನನ್ನನ್ನು ತಣ್ಣಗಿಡಲೋ, ನೀನು ಮೆರೆಯಲೋ?” ಎಂದು ಎಂಜಿನ್ ಭುಸುಗುಟ್ಟಿತು. ಬಾನೆಟ್ಟಿನಿಂದ ಹಬೆ ಎದ್ದಿತು.

ಮೇದಪ್ಪ ಇಳಿದು ನೋಡಿ ಹಣೆ ಚಚ್ಚಿಕೊಂಡ. “ಹೊಸ ರೇಡಿಯೇಟರಿಗೆ ಯಾರದೋ ದೃಷ್ಟಿ ತಾಗಿದೆ!” ಎಂದವನೇ, ದಾರಿಬದಿಯ ಅಂಗಡಿಯಿಂದ ಇನ್ನೂ ದಪ್ಪನೆಯ ಹಾರ ತಂದು, ಮೊದಲಿನದರ ಮೇಲೆಯೇ ಬಿಗಿದ.