ಗಾಳಿ ಕೊಂಡವನ ಪದಕ

ದಾವಣಗೆರೆಯ ಸಾಹುಕಾರ ಮುರುಗೇಂದ್ರಪ್ಪನವರಿಗೆ ಹಳೇ ಪದಕಗಳ ಹುಚ್ಚು. ಅದೂ ಎಂಥವು? ಹಿಂದೊಂದು ಕಾಲಕ್ಕೆ ಷೇರಿನ ಆಸೆಗೆ ಬಿದ್ದು ಮನೆಮಠ ಕಳಕೊಂಡ ಪರದೇಶದವರನ್ನು ಅಣಕಿಸಲು ಆ ಕಾಲದವರೇ ಅಚ್ಚು ಹಾಕಿಸಿದಂಥವು. ಪ್ರತಿ ಪದಕದ ಕೆಳಗೂ ಅದರ ಕಥೆ ಹೇಳುವ ಒಂದು ಚೀಟಿಯನ್ನು ಗುಮಾಸ್ತನಿಂದ ಬರೆಸಿದ್ದರು. ಮನೆಗೆ ಬಂದವರಿಗೆಲ್ಲ ಅದನ್ನು ತಾವೇ ಗಟ್ಟಿಯಾಗಿ ಓದಿ ಹೇಳುವುದು ಅವರ ವಾಡಿಕೆ.

ಒಂದು ದಿನ ಗುಮಾಸ್ತನನ್ನು ಕರೆದರು. "ಮುಂಬೈ ದಲ್ಲಾಳಿ ಸಂಜೆ ನೂರು ಪದಕ ತರ್ತಾನೆ. ಆರು ತಿಂಗಳಲ್ಲಿ ಬೆಲೆ ಹತ್ತುಪಟ್ಟು ಆಗ್ತದಂತೆ. ನಾನು ಮಿಲ್ಲು ಅಡ ಇಡ್ತೀನಿ. ನೀನೂ ಸೈಟು ಮಾರಿ ದುಡ್ಡು ಹಾಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಗುಮಾಸ್ತನಿಗೆ ಇದ್ದದ್ದು ಅದೊಂದೇ ಸೈಟು. ಕೈಕಟ್ಟಿ ನಿಂತು ಹೇಳಿದ, "ಆಗಲಿ ಸಾಹುಕಾರ್ರೇ. ಚೀಟಿ ಬರೆದವನು ನಾನೇ ಆದ್ರೂ ನಿಮ್ಮ ಬಾಯಲ್ಲಿ ಒಂದನ್ನೂ ಕೇಳಿಲ್ಲ. ಆ ಮೊದಲನೇದು ಓದಿಬಿಡಿ."

ಸಾಹುಕಾರರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಬೆಲೆ ಹತ್ತುಪಟ್ಟು ಆಗುತ್ತದೆಂದು ದಲ್ಲಾಳಿ ಹೇಳಿದ್ದನ್ನು ನಂಬಿ, ಮನೆ ಅಡ ಇಟ್ಟು, ಚೀಲದ ತುಂಬ ಗಾಳಿ ಕೊಂಡ..."

ದನಿ ಇಳಿಯಿತು. ಇನ್ನೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲೇ.

ಸಂಜೆ ದಲ್ಲಾಳಿ ಬಂದಾಗ ಗುಮಾಸ್ತ ಬಾಗಿಲಲ್ಲೇ ತಡೆದ.

"ಸಾಹುಕಾರರು ಓದ್ತಾ ಇದ್ದಾರೆ. ಇನ್ನೂ ಎರಡನೇ ಚೀಟಿಗೆ ಬಂದಿಲ್ಲ."