ಕೆರೆದು ನೋಡಿದ ತಂತಿ

ಹತ್ತಿರ ಬಾ, ಬಾಗಿಲು ಮುಂದೆ ಮಾಡು. ಇದು ನಿನ್ನ ಕಿವಿ ದಾಟಬಾರದು. ನಾನು ಹೇಳಿದೆ ಅಂತ ಗೊತ್ತಾಯಿತೋ, ನಿನ್ನ ಹೊಸ್ತಿಲು ಮತ್ತೆ ತುಳಿಯುವುದಿಲ್ಲ.

ಕದ್ದು ಜೈಲಿಗೆ ಹೋಗಿಬಂದವನನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳುವುದು ಯಾವ ಸೀಮೆಯ ಬುದ್ಧಿ? ಇದನ್ನೇ ಕೇಳಲು ಪಕ್ಕದ ಮನೆ ಕೊಟ್ರಮ್ಮನ ಗುಜರಿ ಅಂಗಡಿಗೆ ಹೋದೆ. ಅವಳು ಹಳೇ ಕರೆಂಟು ವೈರು ಸುಲಿದು ತಾಮ್ರ ಮಾರುವವಳು. ಆರು ತಿಂಗಳಿಂದ ಕೆಲಸಕ್ಕೆ ಇಟ್ಟುಕೊಂಡಿರುವುದು ಯಾರನ್ನು? ತಿಪ್ಪೇಶನನ್ನು! ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ಎರಡು ವರ್ಷ ಒಳಗಿದ್ದವನು. ಸ್ವಂತ ಅತ್ತೆಯೇ ಅವನಿಗೆ ಹಿತ್ತಲಲ್ಲಿ ತಟ್ಟೆ ಇಡುತ್ತಾಳಂತೆ.

"ಇವತ್ತೇ ಇವನನ್ನು ಓಡಿಸು, ಇಲ್ಲವಾದರೆ ಬೀದಿ ಹೆಂಗಸರನ್ನೆಲ್ಲ ಕರೆತರುತ್ತೇನೆ" ಅಂದೆ. ತಿಪ್ಪೇಶ ಅಲ್ಲೇ ಕೂತು ವೈರು ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

ಕೊಟ್ರಮ್ಮ ಸಿಟ್ಟಾಗಲಿಲ್ಲ. "ಕೂತ್ಕೋ ಅಕ್ಕ, ಒಂದು ಕತೆ ಕೇಳು" ಅಂದಳು.

"ಒಬ್ಬ ವ್ಯಾಪಾರಿ. ಅವನ ಬಾಗಿಲಿಗೆ ಒಬ್ಬ ಹೆಂಗಸು ಎರಡು ಸುರುಳಿ ತಂದಳು. ಒಂದು ತಂತಿ ಹೊಸ ಬಿಂದಿಗೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಇನ್ನೊಂದು ಚರಂಡಿಯಿಂದ ಎತ್ತಿದ ಕರೀ ಕೇಬಲ್, ನಾರುತ್ತಿತ್ತು. 'ಎರಡನ್ನೂ ಕೆರೆದು ನೋಡಿ ಸ್ವಾಮಿ' ಅಂದಳು. 'ನನಗೇನು ಕಣ್ಣಿಲ್ಲವಾ?' ಅಂದ ಅವನು. ಹೊಳೆಯುವುದನ್ನು ಕೊಂಡ, ನಾರುವುದನ್ನು ಕಾಲಲ್ಲಿ ತಳ್ಳಿದ. ಪೇಟೆಗೆ ಮಾರಲು ಹೋದಾಗ ಅಲ್ಲಿಯವರು ಅರ ಹಾಕಿ ಉಜ್ಜಿ ನೋಡಿದರು. ಮೇಲೆ ತಾಮ್ರದ ಲೇಪ, ಒಳಗೆಲ್ಲ ಬಿಳೀ ಅಲ್ಯೂಮಿನಿಯಂ."

ಇಷ್ಟು ಹೇಳಿ, ತಿಪ್ಪೇಶನ ಮುಂದಿದ್ದ ಕರೀ ಕೇಬಲ್ ಎತ್ತಿಕೊಂಡು ಉದ್ದಕ್ಕೆ ಬ್ಲೇಡು ಎಳೆದಳು. ನಲವತ್ತು ವರ್ಷ ಮಣ್ಣಲ್ಲಿದ್ದದ್ದಂತೆ. ನಾನು ಒಂದಕ್ಕೆರಡು ಹೇಳುವವಳೇ, ಇಲ್ಲ ಅನ್ನುವುದಿಲ್ಲ, ಆದರೆ ಇದನ್ನು ಇದ್ದ ಹಾಗೇ ಹೇಳುತ್ತೇನೆ. ಸಿಪ್ಪೆ ಬಿಟ್ಟ ಕಡೆ ತಾಮ್ರ, ಎಳೇ ಬಿಸಿಲು ಮಲಗಿದ ಹಾಗಿತ್ತು. ಒಂದು ಕಲೆ ಇಲ್ಲ. ಕೈ ಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ತಿಪ್ಪೇಶ ನೋಡುತ್ತಿದ್ದ.

ಅವಳು ಸೊಂಟದಿಂದ ಬೀಗದ ಕೈ ತೆಗೆದು ನನ್ನೆದುರಿಗೇ ಅವನ ಅಂಗೈಯಲ್ಲಿಟ್ಟಳು. "ಸಂಜೆ ನೀನೇ ಬೀಗ ಹಾಕಪ್ಪ" ಅಂದಳು.

"ನಾಳೆ ಅಂಗಡಿ ಬರಿದಾದರೆ?" ಅಂದೆ.

ಕೊಟ್ರಮ್ಮ ಬ್ಲೇಡು ಒರೆಸುತ್ತ ನನ್ನ ಮುಖ ನೋಡಿದಳು.

"ಅಕ್ಕ, ಅವನನ್ನು ಆರು ತಿಂಗಳು ಕೆರೆದು ನೋಡಿದ್ದೇನೆ, ನಿನ್ನನ್ನು ಇನ್ನೂ ನೋಡಿಲ್ಲ."