ಮೂರು ನಕ್ಷೆ, ಒಂದು ಹುಣಸೆಬೀಜ

ಶಿಷ್ಯ ಕೇಳಿದ: “ಗುರುಗಳೇ, ಹಿರಿಯರು ಮೂರು ದಾರಿ ತೋರಿಸಿ ಒಂದನ್ನು ಆರಿಸಿಕೋ ಎಂದಾಗ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸುವುದೇ ವಿವೇಕವಲ್ಲವೇ? ಮೂರೂ ಬೇಡ ಎನ್ನುವುದು ಬರೀ ಹಟವಲ್ಲವೇ?”

“ಹಟದ ಮಾತು ಆಮೇಲೆ. ಮೊದಲು ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಊರು. ಅಲ್ಲಿ ಒಂದೇ ನೆಲದಲ್ಲಿ ಶಾಲೆಯೂ ಇತ್ತು, ಊರಿನವರ ಉದ್ಯಾನವೂ ಇತ್ತು. ನಡುವೆ ಬೇಲಿ ಇರಲಿಲ್ಲ. ಶಾಲೆಯಲ್ಲಿ ಕೋಣೆಗಳು ಕಡಿಮೆ. ಅರ್ಧ ಪಾಠ ಉದ್ಯಾನದ ಹೊಂಗೆ ಮರದಡಿಯಲ್ಲೇ ನಡೆಯುತ್ತಿತ್ತು. ಅದೇ ನೆರಳಿನಲ್ಲಿ ಒಬ್ಬ ಹೂವಾಡಗಿತ್ತಿ ಕೂತು ಮಾಲೆ ಕಟ್ಟುತ್ತಿದ್ದಳು. ಕೈ ಹೂವಿನಲ್ಲಿರುತ್ತಿತ್ತು, ಕಣ್ಣು ಕರಿಹಲಗೆಯ ಮೇಲೆ. ಹೀಗೆ ಏಳೆಂಟು ವರ್ಷ ಕೂತು ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದಳು. ಇನ್ನೆರಡು ವರ್ಷ ಕೂತರೆ ಒಂದು ಇಡೀ ಪುಸ್ತಕವನ್ನೇ ಓದಿಯೇನು ಎಂದು ಅವಳ ಆಸೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ನಗುವುದಕ್ಕೆ ಊರಿನವರಿಗೆ ಕಾರಣ ಬೇಕೇ?

ಶಾಲೆ ಹಳತಾಯಿತು, ಉದ್ಯಾನ ಹಾಳುಬಿತ್ತು. ಎರಡನ್ನೂ ಹೊಸದಾಗಿ ಕಟ್ಟಿಸಬೇಕೆಂದು ಊರ ಯಜಮಾನ ಪಟ್ಟಣದಿಂದ ಒಬ್ಬ ನಕ್ಷೆಗಾರನನ್ನು ಕರೆಸಿದ. ಅವನು ಮೂರು ನಕ್ಷೆ ಬರೆದು ತಂದ. ಒಂದರಲ್ಲಿ ಶಾಲೆ ಮೂಡಲಿಗೆ, ಒಂದರಲ್ಲಿ ಪಡುವಲಿಗೆ, ಇನ್ನೊಂದರಲ್ಲಿ ನಟ್ಟನಡುವೆ. ಕಾರಂಜಿ ಎಲ್ಲಿರಬೇಕು, ಕಲ್ಲುಬೆಂಚು ಯಾವ ಕಡೆ ಮುಖ ಮಾಡಬೇಕು ಎಂದು ಊರೇ ಮೂರು ಪಾಲಾಯಿತು. ಬೀಗರು ಬೀಗರ ಮನೆಯ ಊಟ ಬಿಟ್ಟರು. ಕಾರಂಜಿಗಾಗಿ ಹೋಳಿಗೆ ಬಿಡುವವರಿಗೆ ನಾನೇನು ಹೇಳಲಿ!

ಆ ಊರಿನಲ್ಲಿ ತೀರ್ಮಾನಕ್ಕೆ ಒಂದು ಪದ್ಧತಿ. ಮನೆಗೊಬ್ಬರಂತೆ ಸಭೆ ಸೇರಬೇಕು. ಒಬ್ಬೊಬ್ಬರ ಕೈಗೂ ಒಂದು ಹುಣಸೆಬೀಜ ಕೊಡುತ್ತಾರೆ. ಒಪ್ಪಿದ್ದರ ಮೇಲೆ ಅದನ್ನು ಇಡಬೇಕು. ಒಬ್ಬರ ಕೈಯಲ್ಲಿ ಬೀಜ ಉಳಿದರೂ ಸಭೆ ಏಳುವಂತಿಲ್ಲ.

ನಕ್ಷೆಗಳನ್ನು ಜಮಖಾನೆಯ ಮೇಲೆ ಹಾಸಿದರು. ಎಲ್ಲರೂ ಬೀಜ ಇಟ್ಟರು. ಮರದಡಿ ಪಾಠ ಹೇಳುತ್ತಿದ್ದ ಮೇಷ್ಟ್ರೂ ಇಟ್ಟರು. ಹೂವಾಡಗಿತ್ತಿ ಮಾತ್ರ ಮೂರನ್ನೂ ಬಗ್ಗಿ ಬಗ್ಗಿ ನೋಡಿ, ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟಳು. ಬಿಸಿಲು ನೆತ್ತಿಗೇರಿತು. ಹಸಿದವರು ಗೊಣಗತೊಡಗಿದರು.

ಯಜಮಾನ ರೇಗಿದ. ‘ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ ಅಂತಾರಲ್ಲ, ಹಂಗಾಯ್ತು ನಿಂದು. ಇರೋ ಮೂರರಲ್ಲಿ ಯಾವುದಾದ್ರೂ ಒಂದರ ಮೇಲೆ ಇಡಮ್ಮ.’

‘ಇಡಾಕಿಲ್ಲ’ ಎಂದಳು ಅವಳು. ‘ಮೂರರಾಗೂ ಗೋಡೆ ಐತೆ. ಶಾಲೆಗೂ ತೋಟಕ್ಕೂ ಮಧ್ಯೆ, ಆಳೆತ್ತರ. ಅಂಚಿನಾಗೆ ಸಣ್ಣಕ್ಷರದಾಗೆ ಬರ್ದವ್ರೆ, ನೋಡ್ರಿ.’

ಜನ ಬಗ್ಗಿ ನೋಡಿದರು. ಹೌದು, ಬರೆದಿತ್ತು. ಅಲ್ಲಿ ಶಾಲೆ ಕಲಿತವರಿದ್ದರು, ಶಾಸ್ತ್ರ ಓದಿದವರಿದ್ದರು. ಮೂರು ತಿಂಗಳು ನಕ್ಷೆ ನಕ್ಷೆಗೆ ಏನು ವ್ಯತ್ಯಾಸವೆಂದು ಕಿತ್ತಾಡಿದವರಿಗೆ, ಮೂರರಲ್ಲೂ ಇದ್ದದ್ದು ಕಾಣಲಿಲ್ಲ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

‘ಗೋಡೆ ಇರಬೇಕಾದ್ದೇ’ ಎಂದ ಯಜಮಾನ. ‘ಇಲ್ದಿದ್ರೆ ಕಂಡಕಂಡೋರೆಲ್ಲ ಬಂದು ಪಾಠದ ಮಧ್ಯೆ ಕೂರ್ತಾರೆ. ಅದಿರ್ಲಿ, ನಿನಗೆ ಓದೋದು ಯಾರು ಕಲಿಸಿದ್ರು?’

‘ಆ ಕಂಡಕಂಡೋರಾಗೆ ನಾನೂ ಒಬ್ಳು ಸ್ವಾಮಿ. ಗೋಡೆ ಇರ್ಲಿಲ್ಲ, ಕಲ್ತೆ.’

ಯಜಮಾನ ನಕ್ಷೆ ಸುತ್ತಲು ಕೈಹಾಕಿದ. ಅವಳು ಬಿಡಲಿಲ್ಲ. ಮುಷ್ಟಿಯನ್ನು ಅವನ ಮುಖದೆದುರು ಹಿಡಿದಳು. ‘ಗೋಡೆ ಇಲ್ಲದ್ದು ಬರ್ಸಿ ತಗಂಬನ್ನಿ. ಅಲ್ಲಿತನಕ ಬೀಜ ನನ್ನ ಕೈಯಾಗೇ ಇರ್ತೈತೆ, ಸಭೆನೂ ಹಿಂಗೇ ಇರ್ತೈತೆ. ನಾನು ದಿನಾ ನೆಲದ ಮ್ಯಾಲೆ ಕುಂತೋಳು. ನನಗೇನೂ ಸೊಂಟ ನೋಯಾಕಿಲ್ಲ.’

ಆಗ ಮೇಷ್ಟ್ರು ಎದ್ದರು. ತಾವು ಇಟ್ಟಿದ್ದ ಬೀಜವನ್ನು ನಕ್ಷೆಯ ಮೇಲಿಂದ ಹೆಕ್ಕಿಕೊಂಡರು. ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಕೊನೆಗೆ ಆ ಮೂರರಲ್ಲಿ ಯಾವುದನ್ನು ಕಟ್ಟಿದರು, ಗುರುಗಳೇ?”

ಗುರುಗಳು ಅವನನ್ನೇ ನೋಡಿ ಹೇಳಿದರು: “ಅವಳು ಅಷ್ಟು ಹೊತ್ತು ಬಿಸಿಲಲ್ಲಿ ಕೂತರೂ, ನೀನು ಇನ್ನೂ ಮೂರನ್ನೇ ಎಣಿಸುತ್ತಿದ್ದೀಯಲ್ಲ!”